ಅಚ್ಚು ಸೊಟ್ಟಗಿದ್ದರೆ ದೂರು ನೆಟ್ಟಗಿರಬೇಕು

ನನ್ನ ಭೌತಶಾಸ್ತ್ರದ ತರಗತಿಯಲ್ಲಿ ಕೊನೆಯಿಂದ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಈಗ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾನೆ. ಯುಗಾದಿಗೆ, ದೀಪಾವಳಿಗೆ ಫೋನ್ ಮಾಡಿ ‘ಚೆನ್ನಾಗಿದ್ದೀರಾ ಸಾರ್’ ಎಂದು ಕೇಳುವುದನ್ನು ಬಿಟ್ಟರೆ ಹೆಚ್ಚು ಮಾತಿನವನಲ್ಲ. ಅಂಥವನು ಕಳೆದ ವರ್ಷ ಇದ್ದಕ್ಕಿದ್ದಂತೆ ಉದ್ದನೆಯ ಪತ್ರ ಬರೆದ. ಪತ್ರದ ತುಂಬ ಸಿಟ್ಟು. ‘ಸಾರ್, ಸಾಲ ಮಾಡಿ ಕೊಂಡ ಟ್ರೇಲರಿನ ಆಕ್ಸಲ್ ಕೈಕೊಟ್ಟಿದೆ. ವಾರಂಟಿ ಇದ್ದೂ ಇಲ್ಲದಂತಾಗಿದೆ. ನಾಲ್ಕು ಕಂಪನಿಯವರು ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುತ್ತಿದ್ದಾರೆ. ಕೋರ್ಟಿಗೆ ಹೋಗಲೇ, ಹಣೆಬರಹ ಎಂದು ಬಿಟ್ಟುಬಿಡಲೇ?’

ನಾನು ಪಾಠ ಹೇಳಿದ್ದು ಭೌತಶಾಸ್ತ್ರವನ್ನು, ಕಾನೂನನ್ನಲ್ಲ. ಹಾಗಾಗಿ ನನಗೆ ತೋಚಿದ ಒಂದೇ ಪ್ರಶ್ನೆಯನ್ನು ಬರೆದು ಕಳಿಸಿದೆ: ‘ಇದುವರೆಗೆ ನೀನು ಏನೇನು ಅಳೆದಿದ್ದೀಯ?’ ಅವನು ಏನನ್ನೂ ಅಳೆದಿರಲಿಲ್ಲ. ಆಮೇಲೆ ಅಳೆದ. ಅಳೆದ ಮೇಲೆ ಏನಾಯಿತು ಎಂಬುದನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆಂದು ಕಲಿತ ಪಾಠ ಬದುಕಿನಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೂ, ವಾರಂಟಿ ಕಾರ್ಡನ್ನು ಬೀರುವಿನಲ್ಲಿಟ್ಟು ಮರೆತುಬಿಡುವ ತಂದೆತಾಯಂದಿರಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳಿವೆ.

ಚಕ್ರದ ಮೇಲಿನ ಮನೆ

ಟ್ರಾವೆಲ್ ಟ್ರೇಲರ್ ಎಂದರೆ ಪಿಕಪ್ ಟ್ರಕ್ಕಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆ. ಮಂಚ, ಒಲೆ, ಫ್ರಿಜ್, ಬಚ್ಚಲು, ನೀರಿನ ಟ್ಯಾಂಕ್ ಎಲ್ಲವೂ ಒಳಗೇ ಇರುತ್ತವೆ. ರಜೆ ಬಂತೆಂದರೆ ಮನೆಮಂದಿಯೆಲ್ಲ ಹೊರಟು ಕಾಡಿನ ಬದಿಯಲ್ಲೋ ಕೆರೆಯ ದಂಡೆಯಲ್ಲೋ ಅದನ್ನು ನಿಲ್ಲಿಸಿ ನಾಲ್ಕು ದಿನ ಇದ್ದು ಬರುತ್ತಾರೆ. ಅಮೆರಿಕದಲ್ಲಿ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣ ಮತ್ತು ಅದರ ಸುತ್ತಮುತ್ತಲ ಪ್ರದೇಶ ಇಂತಹ ವಾಹನಗಳ ತಯಾರಿಕೆಗೆ ಹೆಸರುವಾಸಿ. ಆದರೆ ಟ್ರೇಲರಿಗೆ ತನ್ನ ಹೆಸರು ಅಂಟಿಸುವ ಕಂಪನಿ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಆಕ್ಸಲ್ ಒಬ್ಬರದು, ಟೈರು ಇನ್ನೊಬ್ಬರದು, ಫ್ರಿಜ್ ಮತ್ತೊಬ್ಬರದು. ಒಂದೊಂದಕ್ಕೂ ಬೇರೆ ಬೇರೆ ವಾರಂಟಿ. ಕೊಳ್ಳುವಾಗ ಒಂದೇ ವಸ್ತು, ಕೆಟ್ಟಾಗ ಹತ್ತು ವಸ್ತು.

ಆಕ್ಸಲ್ ಎಂಬುದು ನಮ್ಮ ಎತ್ತಿನ ಗಾಡಿಯ ಅಚ್ಚು. ಎರಡು ಚಕ್ರಗಳನ್ನು ಜೋಡಿಸಿ ಹಿಡಿದು, ಮೇಲಿನ ಭಾರವನ್ನೆಲ್ಲ ಹೊರುವ ಭಾಗ. ಗಾಡಿಗೆ ಕೀಲೆಣ್ಣೆ ಹಾಕುವಂತೆಯೇ ಟ್ರೇಲರಿನ ಬೇರಿಂಗುಗಳಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ ಹೊಸ ಗ್ರೀಸ್ ತುಂಬಬೇಕು. ನಮ್ಮ ಹುಡುಗನ ಟ್ರೇಲರಿಗೆ ಎರಡು ಆಕ್ಸಲ್, ನಾಲ್ಕು ಚಕ್ರ.

ಏಪ್ರಿಲ್‌ನಲ್ಲಿ ಹೊಸದಾಗಿ ಕೊಂಡದ್ದು. ಜೂನ್ ವೇಳೆಗೆ 1,000 ಮೈಲಿ ಓಡಿದಾಗ ಹಿಂದಿನ ಚಕ್ರಗಳ ಒಳ ಅಂಚು ಸ್ವಲ್ಪ ಸವೆದಂತೆ ಕಂಡಿತಂತೆ. ಮಾರಿದವರಿಗೆ ಫೋನ್ ಮಾಡಿದ. ‘ಹೊಸ ಟೈರು, ಹಾಗೇ ಕಾಣುತ್ತದೆ, ಓಡಿಸಿ’ ಎಂದರು. ಇವನೂ ಸುಮ್ಮನಾದ. ಆಗಸ್ಟ್‌ನಲ್ಲಿ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಪ್ರವಾಸದಿಂದ ಹಿಂದಿರುಗುತ್ತ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಒಂಬತ್ತು ವರ್ಷದ ಮಗಳು ಬಗ್ಗಿ ನೋಡಿ, ‘ಅಪ್ಪಾ, ಟೈರಿನಲ್ಲಿ ದಾರ ಕಾಣಿಸ್ತಿದೆ’ ಎಂದಳು. ರಬ್ಬರೆಲ್ಲ ಹೋಗಿ ಒಳಗಿನ ಎಳೆಗಳು ಹೊರಬಂದಿದ್ದವು. ಟ್ರೇಲರ್ ಓಡಿದ್ದು ಒಟ್ಟು 2,500 ಮೈಲಿ, ಅಂದರೆ ಸುಮಾರು 4,000 ಕಿಲೋಮೀಟರ್ ಮಾತ್ರ. ಹೆದ್ದಾರಿಯ ವೇಗದಲ್ಲಿ ಅಂಥ ಟೈರು ಸಿಡಿದರೆ ಟ್ರೇಲರ್ ಓಲಾಡತೊಡಗುತ್ತದೆ. ಮುಂದಿನ ಟ್ರಕ್ಕನ್ನೂ ಎಳೆದು ಉರುಳಿಸಬಹುದು. ಆ ಟ್ರಕ್ಕಿನಲ್ಲಿ ಇವನ ಇಡೀ ಸಂಸಾರ ಕೂತಿತ್ತು.

ನಾಲ್ಕು ಬಾಗಿಲು, ನಾಲ್ಕು ಬೀಗ

ಮಾರಿದವರು ಹೇಳಿದರು: ‘ಟೈರು ನಮ್ಮದಲ್ಲ, ಟೈರಿನ ಕಂಪನಿಯನ್ನು ಕೇಳಿ.’ ಟೈರಿನ ಕಂಪನಿ ಹೇಳಿತು: ‘ರಬ್ಬರಿನಲ್ಲಿ ದೋಷವಿಲ್ಲ, ಚಕ್ರದ ಅಲೈನ್‌ಮೆಂಟ್ ಸರಿಯಿಲ್ಲ.’ ಟ್ರೇಲರ್ ತಯಾರಕರು ಹೇಳಿದರು: ‘ಅಲೈನ್‌ಮೆಂಟ್ ನಮ್ಮ ವಾರಂಟಿಯ ಹೊರಗೆ, ಆಕ್ಸಲ್ ಮಾಡಿದವರನ್ನು ಕೇಳಿ.’ ಆಕ್ಸಲ್ ಕಂಪನಿ ಒಂದು ಫೋಟೋ ತರಿಸಿಕೊಂಡು ಎರಡು ಸಾಲಿನ ಉತ್ತರ ಬರೆಯಿತು: ‘ಒಳ ಅಂಚು ಸವೆದಿರುವುದು ಅತಿಭಾರದ ಲಕ್ಷಣ. ಅಲ್ಲದೆ ನೀವು ಬೇರಿಂಗಿಗೆ ಹೊರಗಿನ ಮೆಕ್ಯಾನಿಕ್‌ನಿಂದ ಗ್ರೀಸ್ ಹಾಕಿಸಿದ್ದೀರಿ. ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ.’

ಮೊದಲ ಮೂರು ಉತ್ತರಗಳನ್ನು ಓದಿ ನನಗೂ ಸಿಟ್ಟು ಬಂತು. ನಾಲ್ಕನೆಯದನ್ನು ಓದಿದಾಗ ಮಾತ್ರ, ಇವರು ಹೇಳುವುದರಲ್ಲಿ ಅರ್ಧ ವಿಜ್ಞಾನವಾದರೂ ಇದೆಯಲ್ಲ ಅನ್ನಿಸಿತು. ಹೇಗೆಂದು ನೋಡೋಣ.

ಪಟ್ಟಿ ಸ್ಪ್ರಿಂಗಿನ ಇಂತಹ ಟ್ರೇಲರುಗಳಲ್ಲಿ ಆಕ್ಸಲ್ ಒಂದು ಉಕ್ಕಿನ ಕೊಳವೆ. ಅದನ್ನು ನಡುವೆ ತುಸು ಮೇಲಕ್ಕೆ ಬಾಗಿಸಿಯೇ ಮಾಡಿರುತ್ತಾರೆ. ಮೇಲೆ ಭಾರ ಬಿದ್ದಾಗ ಆ ಬಾಗು ಇಳಿದು ಚಕ್ರಗಳು ನೆಟ್ಟಗೆ ನಿಲ್ಲುತ್ತವೆ. ಭಾರ ಮಿತಿಮೀರಿದರೆ ಕೊಳವೆ ಕೆಳಕ್ಕೆ ಜಗ್ಗುತ್ತದೆ, ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಟೈರಿನ ಒಳ ಅಂಚು ನೆಲಕ್ಕೆ ಉಜ್ಜುತ್ತದೆ. ಇದಕ್ಕೆ ಕ್ಯಾಂಬರ್ ದೋಷ ಎನ್ನುತ್ತಾರೆ. ಕಂಪನಿ ಹೇಳಿದ್ದು ಇದನ್ನೇ.

ಆದರೆ ಒಳ ಅಂಚು ಸವೆಯಲು ಇನ್ನೊಂದು ಕಾರಣವೂ ಉಂಟು. ಮೇಲಿನಿಂದ ನೋಡಿದಾಗ ಎರಡೂ ಚಕ್ರಗಳು ದಾರಿಗೆ ನೇರವಾಗಿರಬೇಕು. ಪಾದಗಳ ಬೆರಳನ್ನು ಹೊರಕ್ಕೆ ತಿರುಗಿಸಿಕೊಂಡು ನಡೆಯುವವರಂತೆ ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿದ್ದರೆ, ಅವು ಉರುಳುತ್ತಲೇ ಅಡ್ಡಕ್ಕೂ ಎಳೆಸಿಕೊಳ್ಳುತ್ತವೆ. ಆಗಲೂ ಸವೆಯುವುದು ಒಳ ಅಂಚೇ. ಇದಕ್ಕೆ ಟೋ ದೋಷವೆಂದು ಹೆಸರು. ಜ್ವರ ಒಂದೇ, ರೋಗ ಎರಡು. ಮೊದಲನೆಯದಕ್ಕೆ ಭಾರ ತುಂಬಿದ ಮಾಲೀಕ ಹೊಣೆ. ಎರಡನೆಯದಕ್ಕೆ ಚಕ್ರ ಕೂರುವ ಕಡ್ಡಿಯನ್ನು ಸೊಟ್ಟಗೆ ಬೆಸೆದವರು ಹೊಣೆ. ಇಲ್ಲವೇ ಆಮೇಲೆ ಯಾವುದೋ ಗುಂಡಿಗೆ ಬಿದ್ದು ಅದು ಬಾಗಿರಬೇಕು. ಫೋಟೋ ನೋಡಿ ಇವುಗಳಲ್ಲಿ ಯಾವುದೆಂದು ಯಾರೂ ಹೇಳಲಾರರು. ಅಳೆದರೆ ಹೇಳಬಹುದು.

ತಕ್ಕಡಿ, ಟೇಪು, ಸೀಮೆಸುಣ್ಣ

ಮೊದಲನೆಯ ಅಳತೆ ತೂಕದ್ದು. ಟ್ರೇಲರಿನ ಗೋಡೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಒಟ್ಟು ತೂಕದ ಮಿತಿ 7,600 ಪೌಂಡ್ (3,447 ಕಿಲೋ) ಎಂದಿತ್ತು. ಆಕ್ಸಲ್ ಒಂದಕ್ಕೆ 3,500 ಪೌಂಡ್, ಎರಡಕ್ಕೆ 7,000 ಪೌಂಡ್ (3,175 ಕಿಲೋ). 7,000 ಹೊರುವ ಆಕ್ಸಲ್‌ಗಳ ಮೇಲೆ 7,600 ಪೌಂಡಿನ ಗಾಡಿ ಹೇಗೆ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಗಾಡಿ ಹೊಡೆಯುವವರನ್ನು ಕೇಳಿದರೆ ಉತ್ತರ ಸಿಗುತ್ತದೆ: ಭಾರದ ಒಂದು ಪಾಲು ನೊಗದ ಮೇಲೂ ಇರುತ್ತದೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನಲ್ಲೂ ಹಾಗೆಯೇ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕೊಂಡಿಯ ಮೂಲಕ ಟ್ರಕ್ಕಿನ ಮೇಲೆ ಬೀಳಬೇಕೆಂಬುದು ಅಲ್ಲಿನ ರೂಢಿಯ ಲೆಕ್ಕ.

ಅವನು ಪ್ರವಾಸಕ್ಕೆ ಹೊರಡುವಾಗ ತುಂಬುವಂತೆಯೇ ಸಾಮಾನನ್ನೆಲ್ಲ ತುಂಬಿದ. 40 ಗ್ಯಾಲನ್ನಿನ ನೀರಿನ ಟ್ಯಾಂಕನ್ನೂ ತುಂಬಿಸಿದ. ಅದೊಂದೇ ಸುಮಾರು 151 ಲೀಟರ್, ಅಂದರೆ 151 ಕಿಲೋ. ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು ಲಾರಿಗಳ ತಂಗುದಾಣದ ವೇ ಬ್ರಿಡ್ಜಿಗೆ ಹೋದ. ಟ್ರೇಲರ್ ಇಲ್ಲದೆ ಟ್ರಕ್ಕಿನ ತೂಕ 5,600 ಪೌಂಡ್. ಟ್ರೇಲರ್ ಸಿಕ್ಕಿಸಿದಾಗ ಟ್ರಕ್ಕಿನ ಚಕ್ರಗಳ ಮೇಲೆ 6,460. ವ್ಯತ್ಯಾಸ 860 ಪೌಂಡ್. ಇದು ಕೊಂಡಿಯ ಭಾರ. ಟ್ರೇಲರಿನ ಆಕ್ಸಲ್‌ಗಳ ಮೇಲೆ 6,200. ಒಟ್ಟು ಟ್ರೇಲರಿನ ತೂಕ 7,060 ಪೌಂಡ್, ಸುಮಾರು 3,202 ಕಿಲೋ. ಕೊಂಡಿಯ ಪಾಲು ಶೇಕಡ 12. ಆಕ್ಸಲ್‌ಗಳ ಮಿತಿಗೆ ಇನ್ನೂ 800 ಪೌಂಡ್ ಬಾಕಿ ಇತ್ತು. ತೂಕದ ಚೀಟಿಯಲ್ಲಿ ದಿನಾಂಕ, ವೇಳೆ ಅಚ್ಚಾಗಿತ್ತು.

ಟೈರಿನ ಲೆಕ್ಕವನ್ನೂ ನೋಡಿಕೊಂಡ. ಆ ಅಳತೆಯ ಟೈರು ಒಂದಕ್ಕೆ 1,760 ಪೌಂಡ್ ಹೊರುವ ಶಕ್ತಿ. ನಾಲ್ಕಕ್ಕೆ 7,040. ಅಂದರೆ ಆಕ್ಸಲ್‌ಗಳ ಮಿತಿಗಿಂತ 40 ಪೌಂಡ್ ಮಾತ್ರ ಹೆಚ್ಚು! ಅದೂ ಗಾಳಿ ಪೂರ್ತಿ 50 ಪಿ.ಎಸ್.ಐ. ಇದ್ದರೆ. ಗಾಳಿ ಕಡಿಮೆಯಿದ್ದರೆ ಆ ಶಕ್ತಿಯೂ ಇಳಿಯುತ್ತದೆ. ಅಂದಿನಿಂದ ಹೊರಡುವ ಮುಂಚೆ ಪ್ರತಿಸಲ ಗಾಳಿ ನೋಡುವ ಅಭ್ಯಾಸ ಮಾಡಿಕೊಂಡನಂತೆ.

ಎರಡನೆಯದು ನೇರದ ಅಳತೆ. ಜಾಕ್ ಕೊಟ್ಟು ಚಕ್ರ ಎತ್ತಿ, ತಿರುಗಿಸುತ್ತ ಟೈರಿನ ನಡುವೆ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದ. ಕೆಳಗಿಳಿಸಿ, ಟ್ರೇಲರನ್ನು ಸ್ವಲ್ಪ ಮುಂದೆ ಉರುಳಿಸಿ, ಒಂದೇ ಎತ್ತರದಲ್ಲಿ ಎಡ ಬಲ ಗೆರೆಗಳ ನಡುವಿನ ದೂರವನ್ನು ಚಕ್ರದ ಮುಂದೊಮ್ಮೆ, ಹಿಂದೊಮ್ಮೆ ಟೇಪಿನಿಂದ ಅಳೆದ. ಮೊದಲ ಆಕ್ಸಲ್‌ನಲ್ಲಿ ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಹಿಂದಿನ ಆಕ್ಸಲ್‌ನಲ್ಲಿ ಒಂಬತ್ತೂವರೆ ಮಿಲಿಮೀಟರ್, ಮುಂಭಾಗವೇ ಅಗಲ.

ಒಂಬತ್ತೂವರೆ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ. ಟೈರಿನ ವ್ಯಾಸ ಸುಮಾರು 66 ಸೆಂಟಿಮೀಟರ್, ಅಂದರೆ 660 ಮಿಲಿಮೀಟರ್. 660ಕ್ಕೆ 9.5 ಎಂದರೆ 1,000ಕ್ಕೆ 14.4. ಒಂದು ಕಿಲೋಮೀಟರ್ ಓಡಿದಾಗ ಎರಡು ಚಕ್ರಗಳೂ ಸೇರಿ 14 ಮೀಟರಿಗೂ ಹೆಚ್ಚು ಅಡ್ಡಕ್ಕೆ ಎಳೆಸಿಕೊಂಡಿರುತ್ತವೆ. ಸಮನಾಗಿ ಹಂಚಿದರೆ ಒಂದೊಂದು ಚಕ್ರ 7 ಮೀಟರ್. 4,000 ಕಿಲೋಮೀಟರಿಗೆ 28 ಕಿಲೋಮೀಟರ್! ಮೂರು ಟನ್ನಿನ ಮನೆಯನ್ನು ಹೊತ್ತುಕೊಂಡು ಟೈರು 28 ಕಿಲೋಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋದರೆ ದಾರ ಕಾಣದೆ ಇನ್ನೇನು?

ಮೂರನೆಯದಕ್ಕೆ ಉಪಕರಣವೇ ಬೇಡ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಸವರಿದರೆ ಸಾಕು. ವಾಲಿದ ಚಕ್ರದ ಟೈರು ನುಣ್ಣಗೆ ಸವೆಯುತ್ತದೆ. ಅಡ್ಡಕ್ಕೆ ಎಳೆಸಿಕೊಂಡ ಟೈರಿನ ಅಂಚುಗಳು ಗರಗಸದ ಹಲ್ಲಿನಂತೆ ಒಂದು ದಿಕ್ಕಿಗೆ ಕೈಗೆ ಚುಚ್ಚುತ್ತವೆ. ಇವನ ಕೈಗೆ ಚುಚ್ಚಿತು. ಮೇಲಾಗಿ, ನಿಜವಾಗಿ ಅತಿಭಾರವಾಗಿದ್ದರೆ ಎರಡೂ ಆಕ್ಸಲ್‌ಗಳ ಟೈರು ಸವೆಯಬೇಕಿತ್ತು. ಇಲ್ಲಿ ಮುಂದಿನವು ಹೊಸದರಂತಿದ್ದವು. ಟ್ರೇಲರಿನ ಮೂತಿ ಮೇಲೆದ್ದಿದ್ದರೆ ಹಿಂದಿನ ಆಕ್ಸಲ್‌ಗೆ ಹೆಚ್ಚು ಭಾರ ಬೀಳಬಹುದು ಎಂಬ ಅನುಮಾನ ಬಂದು ರಸಮಟ್ಟ ಇಟ್ಟು ನೋಡಿದ. ಸಮವಾಗಿಯೇ ಇತ್ತು.

ಕೊನೆಗೆ, ತನ್ನ ಅಳತೆಯನ್ನು ಕಂಪನಿ ನಂಬದಿರಬಹುದೆಂದು ಲಾರಿಗಳ ಅಲೈನ್‌ಮೆಂಟ್ ಮಾಡುವ ವರ್ಕ್‌ಷಾಪಿಗೆ ದುಡ್ಡು ಕೊಟ್ಟು ಲಿಖಿತ ವರದಿ ಪಡೆದ. ಹಿಂದಿನ ಆಕ್ಸಲ್‌ನ ಎರಡೂ ತುದಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಕ್ಕೆ ತಿರುಗಿವೆ ಎಂದು ಅದರಲ್ಲಿತ್ತು. ಗುಂಡಿಗೆ ಬಿದ್ದು ಬಾಗಿದ್ದರೆ ಸಾಮಾನ್ಯವಾಗಿ ಒಂದೇ ಬದಿ ಕೆಡುತ್ತದೆ.

ಎಂಜಿನ್ ಇಲ್ಲದ ವಾಹನ

ಈಗ ಕಾನೂನಿನ ಮಾತು. ಹೊಸ ವಾಹನ ಪದೇ ಪದೇ ಕೆಟ್ಟರೆ ಬದಲಿ ಅಥವಾ ಹಣ ವಾಪಸ್ ಕೊಡಿಸುವ ಕಾನೂನುಗಳಿಗೆ ಅಮೆರಿಕದಲ್ಲಿ ‘ಲೆಮನ್ ಲಾ’ ಎನ್ನುತ್ತಾರೆ. ಕನೆಕ್ಟಿಕಟ್ ರಾಜ್ಯ 1982ರಲ್ಲಿ ಮಾಡಿದ್ದು ಇವುಗಳಲ್ಲಿ ಹೆಸರಾದದ್ದು. ಆಮೇಲೆ ಉಳಿದ ರಾಜ್ಯಗಳೂ ಮಾಡಿದವು. ಆದರೆ ಹಲವು ರಾಜ್ಯಗಳ ಇಂತಹ ಕಾನೂನುಗಳು ತಾನೇ ಚಲಿಸುವ ವಾಹನಕ್ಕೆ ಮಾತ್ರ ಅನ್ವಯಿಸುತ್ತವೆ. ಟ್ರೇಲರಿಗೆ ಎಂಜಿನ್ ಇಲ್ಲವಲ್ಲ, ಅದು ಹೊರಗೆ.

ಹಾಗೆಂದು ಮಾಲೀಕ ನಿರ್ಗತಿಕನಲ್ಲ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ವಾರಂಟಿ ಕೊಡಲೇಬೇಕೆಂದು ಅದು ಹೇಳುವುದಿಲ್ಲ. ಬರೆದುಕೊಟ್ಟರೆ ಸ್ಪಷ್ಟವಾಗಿ ಬರೆಯಬೇಕು, ಬರೆದಂತೆ ನಡೆಯಬೇಕು ಎನ್ನುತ್ತದೆ. ನಮ್ಮ ಹುಡುಗನಿಗೆ ಬೇಕಾದ ಒಂದು ಅಂಶವೂ ಅದರಲ್ಲಿದೆ. ಸರ್ವಿಸನ್ನು ಉಚಿತವಾಗಿ ಮಾಡಿಕೊಡದೆ, ‘ನಮ್ಮವರಲ್ಲೇ ಮಾಡಿಸಿದರೆ ಮಾತ್ರ ವಾರಂಟಿ’ ಎಂದು ಕಂಪನಿ ಸಾಮಾನ್ಯವಾಗಿ ಕಟ್ಟು ಹಾಕುವಂತಿಲ್ಲ. ಹೊರಗೆ ಮಾಡಿಸಿದ ಕೆಲಸದಿಂದಲೇ ದೋಷ ಬಂತು ಎಂದು ತೋರಿಸಿದರೆ ಆ ಮಾತು ಬೇರೆ. ಬೇರಿಂಗಿಗೆ ಯಾರೇ ಗ್ರೀಸ್ ಹಾಕಲಿ, ಅದರಿಂದ ಉಕ್ಕಿನ ತುದಿ ಹೊರಕ್ಕೆ ತಿರುಗುವುದಿಲ್ಲ. ಇಂತಹ ಕಟ್ಟುಪಾಡುಗಳ ಬಗ್ಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ 6 ದೊಡ್ಡ ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಕಳಿಸಿದ್ದುಂಟು.

ವಾಹನ ಸುರಕ್ಷತೆಗೆಂದು 1966ರಲ್ಲಿ ಮಾಡಿದ ಕಾನೂನು ಇನ್ನೂ ಉದಾರ. ಯಂತ್ರದ ಬಲದಿಂದ ಓಡುವುದಷ್ಟೇ ಅಲ್ಲ, ಅದರಿಂದ ಎಳೆಸಿಕೊಳ್ಳುವುದೂ ಅದರ ದೃಷ್ಟಿಯಲ್ಲಿ ವಾಹನವೇ. ಸುರಕ್ಷತೆಗೆ ಕುಂದು ತರುವ ದೋಷವಿದ್ದರೆ ಯಾರು ಬೇಕಾದರೂ ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತಕ್ಕೆ ದೂರು ಕೊಡಬಹುದು. ಒಂದೇ ಬಗೆಯ ದೂರುಗಳು ಸೇರಿ ತನಿಖೆಯಾಗಿ, ವಾಹನಗಳನ್ನು ವಾಪಸ್ ಕರೆಸಬೇಕೆಂದಾದರೆ ತಯಾರಕರು ರಿಪೇರಿಯನ್ನು ಉಚಿತವಾಗಿ ಮಾಡಿಕೊಡಬೇಕು. ವಾರಂಟಿಯ ಅವಧಿ ಮುಗಿದಿದ್ದರೂ ಸರಿ. ನಾನು ಅವನಿಗೆ ಈ ದೂರನ್ನೂ ಕೊಡು ಎಂದೆ. ಆ ಅಚ್ಚಿನ ಜೊತೆಯಲ್ಲೇ ತಯಾರಾದ ಇನ್ನೊಂದು ಅಚ್ಚು ಯಾರ ಮಕ್ಕಳ ಹಿಂದೆ ಉರುಳುತ್ತಿದೆಯೋ ಯಾರಿಗೆ ಗೊತ್ತು?

ಒಂದು ಪುಟದ ಕಾಗದ

ಎರಡನೆಯ ಸಲ ಅವನು ಆಕ್ಸಲ್ ಕಂಪನಿಗೆ ಬರೆದ ಕಾಗದದಲ್ಲಿ ಸಿಟ್ಟಿನ ಒಂದು ಪದವೂ ಇರಲಿಲ್ಲ. ಆಕ್ಸಲ್ ಮೇಲಿನ ತಗಡಿನ ಕ್ರಮಸಂಖ್ಯೆ, ಕೊಂಡ ದಿನಾಂಕ, ಓಡಿದ ಮೈಲಿ, ತೂಕದ ಚೀಟಿ, ಎರಡೂ ಆಕ್ಸಲ್‌ಗಳ ಅಳತೆ, ವರ್ಕ್‌ಷಾಪಿನ ವರದಿ, ಎಲ್ಲ ನಾಲ್ಕು ಟೈರುಗಳ ಫೋಟೋ. ಕೊನೆಗೆ ಒಂದು ಪ್ರಶ್ನೆ: ‘ಅತಿಭಾರವೇ ಕಾರಣವೆಂದು ನೀವು ಯಾವ ಅಳತೆಯಿಂದ ತೀರ್ಮಾನಿಸಿದಿರಿ, ದಯವಿಟ್ಟು ತಿಳಿಸಿ.’ ಪ್ರತಿಯೊಂದನ್ನು ಟ್ರೇಲರ್ ತಯಾರಕರಿಗೂ ಕಳಿಸಿ, ತಲುಪಿದ ರಸೀದಿಯನ್ನು ಇಟ್ಟುಕೊಂಡ.

ಉತ್ತರ ಬರಲು ಐದು ವಾರ ಹಿಡಿಯಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ಹೊಸ ಆಕ್ಸಲ್ ಕಳಿಸಿತು, ಜೋಡಿಸುವ ಕೂಲಿಯನ್ನೂ ಕೊಟ್ಟಿತು. ಹಾಳಾದ ಎರಡು ಟೈರುಗಳ ಹಣ ಮಾತ್ರ ಬರಲಿಲ್ಲ. ದೋಷದಿಂದ ಆದ ಬೇರೆ ನಷ್ಟಕ್ಕೆ ತಾವು ಹೊಣೆಯಲ್ಲ ಎಂದು ವಾರಂಟಿಯಲ್ಲಿ ದಪ್ಪಕ್ಷರದಲ್ಲೇ ಬರೆದಿತ್ತು. ಕೊಳ್ಳುವ ದಿನ ಅದನ್ನು ಇವನು ಓದಿರಲಿಲ್ಲ.

ಅವನದೇ ತಪ್ಪು ಇನ್ನೊಂದಿತ್ತು. ಜೂನ್ ತಿಂಗಳಲ್ಲಿ ಮಾಡಿದ ಫೋನ್ ಕರೆಗೆ ಯಾವ ದಾಖಲೆಯೂ ಇರಲಿಲ್ಲ. ‘ನೀವು ಹೇಳಿಯೇ ಇಲ್ಲ’ ಎಂದರು ಮಾರಿದವರು. ಅಂದೇ ಎರಡು ಸಾಲು ಬರೆದು ಕಳಿಸಿದ್ದರೆ ಬಹುಶಃ ಟೈರೂ ಉಳಿಯುತ್ತಿತ್ತು, ಆಗಸ್ಟ್‌ನ ಆ ಪ್ರಯಾಣದ ಅಪಾಯವೂ ತಪ್ಪುತ್ತಿತ್ತು.

ನಮ್ಮ ಮನೆಗಳಲ್ಲಿ ಟ್ರಾವೆಲ್ ಟ್ರೇಲರ್ ಇಲ್ಲ. ಆದರೆ ಮಗಳ ಓದಿಗೆಂದು ಕೊಂಡ ಲ್ಯಾಪ್‌ಟಾಪ್ ಇದೆ, ಮಗನ ಸ್ಕೂಟರ್ ಇದೆ, ಅಡುಗೆಮನೆಯಲ್ಲಿ ಮಿಕ್ಸಿ ಇದೆ. ‘ನೀರು ಬಿದ್ದಿದೆ’, ‘ಹೊರಗೆ ಬಿಚ್ಚಿಸಿದ್ದೀರಿ’ ಎಂಬ ಉತ್ತರ ಇಲ್ಲಿಯೂ ಕೇಳಿಬರುತ್ತದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ ನಮ್ಮಲ್ಲಿ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಂತೆ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಸಾಮಾನ್ಯವಾಗಿ 2 ವರ್ಷದೊಳಗೆ ದೂರಬೇಕು. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎಂದಾದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಸಲಹೆಗೆ 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ. ಕಾನೂನು ಅಲ್ಲಿಯದಾಗಲಿ ಇಲ್ಲಿಯದಾಗಲಿ, ಕೇಳುವುದು ಒಂದನ್ನೇ: ಕಾರಣ ಇದೇ ಎಂದು ಹೇಗೆ ಹೇಳುತ್ತೀರಿ?

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಯಾವುದಾದರೂ ಒಂದು ವಾರಂಟಿ ಕಾರ್ಡನ್ನು ಹುಡುಕಿ ತೆಗೆದು, ಅಪ್ಪ ಅಮ್ಮನ ಎದುರು ಕೂತು ಪೂರ್ತಿ ಓದಿ. ಏನನ್ನು ಕೊಡುತ್ತಾರೆ ಎಂಬುದಕ್ಕಿಂತ ಏನನ್ನು ಕೊಡುವುದಿಲ್ಲ ಎಂಬ ಭಾಗವನ್ನು ಎರಡು ಸಲ ಓದಿ. ಕ್ರಮಸಂಖ್ಯೆ, ಕೊಂಡ ದಿನ, ವಾರಂಟಿ ಮುಗಿಯುವ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದು ಬಿಲ್ಲನ್ನು ಅದರಲ್ಲೇ ಅಂಟಿಸಿ. ಒಹಾಯೊದ ಆ ಮನೆಯಲ್ಲಿ ಈಗ ಅಂಥದೊಂದು ನೋಟ್‌ಬುಕ್ ಇದೆಯಂತೆ. ಹೊರಡುವ ಮುಂಚೆ ನಾಲ್ಕು ಟೈರುಗಳ ಗಾಳಿ ನೋಡಿ ಅದರಲ್ಲಿ ಬರೆಯುವುದು, ದಾರ ಕಂಡುಹಿಡಿದ ಆ ಹುಡುಗಿಯ ಕೆಲಸ.